ಬಂಡೆಪಾಳ್ಯದ ಕೋವಿಗೆ ನಾನು ಬರೆದ ಅರ್ಜಿ

ಮೊನ್ನೆ ದೊಡ್ಡಬಳ್ಳಾಪುರದ ಅಂಚೆ ಕಚೇರಿಯಲ್ಲಿ ತಂಗಿಗೊಂದು ಸೀರೆಯ ಪಾರ್ಸೆಲ್ ಕಳಿಸಲು ನಿಂತಿದ್ದೆ. ಕೌಂಟರಿನಾತ ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ದಾರದ ಗಂಟಿನ ಮೇಲೆ ತೊಟ್ಟಿಕ್ಕಿಸಿ ಮೊಹರು ಒತ್ತಿದ. ಆ ಸುಟ್ಟ ಅರಗಿನ ವಾಸನೆ ಮೂಗಿಗೆ ಬಡಿದದ್ದೇ ತಡ, ರಸೀದಿಯನ್ನೂ ಇಸಿದುಕೊಳ್ಳದೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಯಾರೋ ಬಿಟ್ಟುಹೋದ ಪತ್ರಿಕೆ ಬಿದ್ದಿತ್ತು. ಬಂದೂಕು ಪರವಾನಗಿಯ ನಿಯಮಗಳನ್ನು ಸುಧಾರಿಸುವ ಕೆಲಸ ಪ್ರಗತಿಯಲ್ಲಿದೆಯಂತೆ. ಹದಿನೈದು ವರ್ಷದ ಹಿಂದೆಯೂ ಅದು ಪ್ರಗತಿಯಲ್ಲೇ ಇತ್ತು. ಆ ಪ್ರಗತಿಯನ್ನು ನಾನು ಕಣ್ಣಾರೆ ಕಂಡವಳು, ಸಾಲದ್ದಕ್ಕೆ ಕೈಯಾರೆ ಮುಂದಕ್ಕೆ ತಳ್ಳಿದವಳು.

ಅದು ಚೀನಾ ಯುದ್ಧದ ಮರುವರ್ಷ. ನನಗೆ ಇಪ್ಪತ್ತೆರಡು. ಟ್ರೈನಿಂಗ್ ಮುಗಿಸಿದ ತಕ್ಷಣ ಬಂಡೆಪಾಳ್ಯದ ಏಕೋಪಾಧ್ಯಾಯ ಶಾಲೆಗೆ ಹಾಕಿದರು. ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಗುಡ್ಡದ ಬುಡದಲ್ಲಿ ಇಪ್ಪತ್ತಮೂರು ಮನೆ, ಕೆಂಪು ಮಣ್ಣಿನ ಹೊಲ, ಹೊಲದಾಚೆ ಆಳೆತ್ತರ ಲಂಟಾನದ ಪೊದೆ. ಅದುವರೆಗೆ ಆ ಊರಿಗೆ ಗಂಡಸು ಮೇಷ್ಟ್ರುಗಳೇ ಬಂದಿದ್ದರಿಂದ ನನ್ನನ್ನು ಏನೆಂದು ಕರೆಯಬೇಕೋ ಅವರಿಗೆ ತೋಚಲಿಲ್ಲ. ಎರಡು ದಿನ ಗುಸುಗುಸು ಮಾಡಿ ಕೊನೆಗೆ ‘ಮೇಷ್ಟ್ರಮ್ಮ’ ಅಂತ ಹೆಸರಿಟ್ಟರು. ನಮ್ಮಪ್ಪ ಗುಂಡಿಮಗ್ಗದ ನೇಕಾರ. ಊರಲ್ಲಿ ಒಂದೊಂದೇ ಮನೆಗೆ ಕರೆಂಟಿನ ಮಗ್ಗ ಬಂದು ಅಪ್ಪನ ಕೈ ಖಾಲಿಯಾಗುತ್ತಿದ್ದ ಕಾಲ ಅದು. ನನ್ನ ಸಂಬಳದಲ್ಲೇ ಮನೆಯ ಒಲೆ ಉರಿಯಬೇಕಿತ್ತು. ಅದೂ ಇನ್ನೂ ಖಾಯಂ ಆಗದ ಕೆಲಸ.

ಮದುವೆಯಾಗದ ಹುಡುಗಿ ಒಬ್ಬಳೇ ಎಲ್ಲಿರಬೇಕು? ಮುನಿಯಪ್ಪ ತಾತ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಅರವತ್ತು ದಾಟಿದ ಎತ್ತರದ ಮನುಷ್ಯ. ಕಣ್ಣಿಗೆ ಪೊರೆ ಬರುತ್ತಿತ್ತು, ಹೊತ್ತು ಮುಳುಗಿದರೆ ಎದುರಿಗೆ ನಿಂತವರ ಮುಖವೂ ಕಾಣದು. ಹೆಂಡತಿ ಪಾಪಮ್ಮಜ್ಜಿ, ಮಗ ಕೆಂಪಣ್ಣ. ನಾನು ಹೋದ ಮೊದಲ ವಾರ ಶಾಲೆಗೆ ಬಂದದ್ದು ನಾಲ್ಕೇ ಮಕ್ಕಳು. ತಾತ ಒಂದು ಬೆಳಿಗ್ಗೆ ಕೋಲು ಹಿಡಿದು ಮನೆಮನೆಗೆ ಹೋದರು. “ಹೆಬ್ಬೆಟ್ಟು ಒತ್ತಿ ಒತ್ತಿ ನಮ್ ಕೈ ಸವದೋಗೈತೆ, ಈ ಹುಡುಗ್ರದ್ದಾದ್ರೂ ಉಳೀಲಿ ಕಳ್ಸ್ರಲಾ” ಅಂತ ಬೈದು ಹತ್ತೊಂಬತ್ತು ಮಕ್ಕಳನ್ನು ತಂದು ಕೂರಿಸಿದರು. ಅಷ್ಟು ದೊಡ್ಡ ಉಪಕಾರ ನನಗೆ ಇಲಾಖೆಯೂ ಮಾಡಿಲ್ಲ.

ಆ ಊರಿಗೆ ಇದ್ದದ್ದು ಒಂದೇ ಕೋವಿ. ಅವರ ಬಾಯಲ್ಲಿ ‘ತುಪಾಕಿ’. ನಳಿಗೆಯ ಬಾಯಿಂದ ಮದ್ದು ತುಂಬಿ ಗಿಡಿಯುವ ಹಳೇ ಕಾಲದ್ದು. ತಾತನ ಅಪ್ಪನ ಕಾಲದಿಂದ ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಇತ್ತು, ಈಗ ತಾತನ ಹೆಸರಿನಲ್ಲಿತ್ತು. ಹೆಸರಿಗೆ ತಾತನದು, ಆದರೆ ಕಾಯುತ್ತಿದ್ದದ್ದು ಇಡೀ ಊರಿನ ಬೆಳೆಯನ್ನು. ಕಡಲೆಕಾಯಿ ಬಲಿಯುವ ಹೊತ್ತಿಗೆ ಲಂಟಾನದೊಳಗಿಂದ ಕಾಡುಹಂದಿಗಳು ಇಳಿಯುತ್ತವೆ. ಒಂದು ಹಿಂಡು ನುಗ್ಗಿದರೆ ಬೆಳಗಾಗುವುದರೊಳಗೆ ಹೊಲ ಉತ್ತಿಟ್ಟಂತೆ ಆಗಿರುತ್ತದೆ. ಅದಕ್ಕೆ ಮನೆಗೊಂದು ಸರದಿ. ಸರದಿಯವನು ಸಂಜೆ ತಾತನ ಜಗಲಿಗೆ ಬಂದು, ಚಪ್ಪಲಿ ಬಿಟ್ಟು, ಕೋವಿ ಮತ್ತು ಮೂರು ಸಲಕ್ಕಾಗುವಷ್ಟು ಮದ್ದು ಇಸಿದುಕೊಂಡು ಹೊಲದ ಅಟ್ಟಣೆ ಹತ್ತುವನು. ಬೆಳಿಗ್ಗೆ ತಂದೊಪ್ಪಿಸಿ, ಎಷ್ಟು ಸಲ ಹಾರಿಸಿದೆ, ಯಾಕೆ ಹಾರಿಸಿದೆ ಅಂತ ಹೇಳಿಯೇ ಮನೆಗೆ ಹೋಗಬೇಕು. ಹಾರಿಸುವುದು ಹೆದರಿಸುವುದಕ್ಕೆ. ನಾನಿದ್ದಷ್ಟು ದಿನ ಒಂದೇ ಒಂದು ಹಂದಿ ಸತ್ತದ್ದು ಕಾಣೆ.

ಕೊಡುವ ಮುಂಚೆ ತಾತನದೊಂದು ಪರೀಕ್ಷೆ ಇರುತ್ತಿತ್ತು. ಕಣ್ಣು ಕಾಣದಿದ್ದರೇನು, ಮೂಗು ಚುರುಕು.

“ಊದ್ಲಾ ಬಾಯಿ.”

“ಅಯ್ಯೋ ಮಾವ, ಮಜ್ಜಿಗೆ ಕುಡ್ದಿದ್ದೀನಿ ಅಷ್ಟೇ.”

“ಮಜ್ಜಿಗೆ ಜಗಲಿತಂಕ ನಾರಲ್ಲ ಕಣ್ಲಾ. ನಡಿ, ನಿನ್ ತಮ್ಮುನ್ ಕಳ್ಸು.”

ಮನೆಯಲ್ಲಿ ಗಂಡ ಹೆಂಡತಿ ಜಗಳವಾದ ದಿನವೂ ಕೋವಿ ಸಿಗುತ್ತಿರಲಿಲ್ಲ. ಬದುವಿನ ವ್ಯಾಜ್ಯ ಇದ್ದವನಿಗೆ ರಾಜಿಯಾಗುವ ತನಕ ಸರದಿ ಇಲ್ಲ. ನಾನು ಆಮೇಲೆ ಕಾಯ್ದೆಯ ಪುಸ್ತಕವನ್ನೂ ತಿರುವಿ ಹಾಕಿದ್ದೇನೆ, ಇಷ್ಟು ನೋಡಿ ಕೋವಿ ಕೊಡುವ ನಿಯಮ ನನಗೆ ಅದರಲ್ಲಿ ಕಾಣಲಿಲ್ಲ.

ನಾನು ಶನಿವಾರ ಮಧ್ಯಾಹ್ನ ಊರಿಗೆ ಹೋಗಿ ಭಾನುವಾರ ಸಂಜೆ ಪತ್ರಿಕೆಗಳ ಒಂದು ಕಟ್ಟು ಹಿಡಿದುಕೊಂಡು ಬರುತ್ತಿದ್ದೆ. ಸೋಮವಾರ ಸಂಜೆ ಶಾಲೆಯ ಜಗಲಿಯಲ್ಲಿ ಓದಿ ಹೇಳುವುದು. ಅಣೆಕಟ್ಟು, ಪಂಚವಾರ್ಷಿಕ ಯೋಜನೆ, ಸಹಕಾರ ಸಂಘ ಎಲ್ಲವನ್ನೂ ನಾನೇ ಕಟ್ಟಿಸಿದವಳ ಹಾಗೆ ಓದುತ್ತಿದ್ದೆ. ಹೊಸ ಆಯುಧ ಕಾಯ್ದೆಯ ಸುದ್ದಿಯೂ ಹಾಗೇ ಬಂತು. ಬಿಳಿಯರು ನಮ್ಮನ್ನು ಕಂಡು ಹೆದರಿ ಮಾಡಿದ ಕಾನೂನು ಹೋಯಿತು, ಇದು ನಮ್ಮವರೇ ನಮಗಾಗಿ ಮಾಡಿದ್ದು, ಇನ್ನು ರೈತರಿಗೆ ಎಲ್ಲವೂ ಸಲೀಸು ಅಂತ ನನ್ನ ಕಡೆಯಿಂದಲೂ ನಾಲ್ಕು ಮಾತು ಸೇರಿಸಿ ಹೇಳಿದೆ.

ತಾತ ಬೊಚ್ಚುಬಾಯಿ ಬಿಟ್ಟು ನಕ್ಕರು. “ಹಂಗಾರೆ ನಮ್ ತುಪಾಕಿಗೂ ಸ್ವತಂತ್ರ ಬಂತು ಅನ್ನಿ!”

ನಾನು ಹೋದ ಮರುವರ್ಷದ ಆಷಾಢದಲ್ಲಿ ಶೇಕ್ದಾರರು ಸೈಕಲ್ ತಳ್ಳಿಕೊಂಡು ಬಂದರು. ಹೋಬಳಿಯ ಕಂದಾಯದ ಅಧಿಕಾರಿ, ಕೆಟ್ಟವರೇನಲ್ಲ. ಹಳೇ ಲೈಸೆನ್ಸುಗಳೆಲ್ಲ ಹೊಸ ಕಾಯ್ದೆಯ ನಮೂನೆಗೆ ಬದಲಾಗಬೇಕು, ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿಕೊಳ್ಳಿ ಅಂತ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೋದರು. ಆ ಕಚೇರಿ ಯಾವುದೆಂದು ನಾನು ಹೇಳುವುದಿಲ್ಲ, ಹೇಳಿದರೂ ಈಗ ಅಲ್ಲಿ ಕೂತಿರುವವರಿಗೂ ಇದಕ್ಕೂ ಸಂಬಂಧವಿಲ್ಲ.

ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಬ್ಬಾ, ಎಂಥ ಹಿಗ್ಗು! ಟ್ರೈನಿಂಗ್ ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಬಂದಿತ್ತು, ಅಕ್ಷರ ಮುತ್ತು ಪೋಣಿಸಿದ ಹಾಗೆ ಅಂತ ಎಲ್ಲರೂ ಹೊಗಳುತ್ತಿದ್ದರು. ತಾತ ಹೇಳಿದ್ದು ಇಷ್ಟೇ: “ಹಂದಿ ಬತ್ತವೆ, ತುಪಾಕಿ ಬೇಕು. ಅಷ್ಟ್ ಬರೀರಿ ಸಾಕು.”

ನನಗೆ ಸಾಕಾಗಲಿಲ್ಲ. ನಮೂನೆ ತುಂಬಿದ ಮೇಲೆ, ಊರಿನವರೆಲ್ಲರ ಪರವಾಗಿ ಒಂದು ಮನವಿಪತ್ರವನ್ನೂ ಲಗತ್ತಿಸೋಣ ಅಂದೆ. ಎರಡು ಪುಟ ಬರೆದೆ. ಆ ಸಾಲುಗಳು ಇವತ್ತಿಗೂ ಬಾಯಿಪಾಠ: ‘ಸದರಿ ಗ್ರಾಮದ ಇಪ್ಪತ್ತಮೂರು ಕುಟುಂಬಗಳೂ ಸಹಕಾರ ತತ್ತ್ವವನ್ನು ಅನುಸರಿಸಿ, ಈ ಒಂದೇ ಕೋವಿಯನ್ನು ಸರದಿಯ ಪ್ರಕಾರ ಬಳಸಿ, ಒಂದೇ ಮನೆಯವರಂತೆ ಬೆಳೆ ಕಾಪಾಡಿಕೊಳ್ಳುತ್ತಿದ್ದು...’ ದೇಶವೇ ಸಹಕಾರ ಸಹಕಾರ ಅಂತ ಬಾಯಿ ಬಡಿದುಕೊಳ್ಳುತ್ತಿರುವಾಗ, ಯಾರೂ ಹೇಳಿಕೊಡದೆ ಅದನ್ನು ಮಾಡಿ ತೋರಿಸಿದ ಊರೊಂದಿದೆ ಅಂತ ಗೊತ್ತಾದರೆ ಸರ್ಕಾರ ಬೆನ್ನು ತಟ್ಟದೆ ಇರುತ್ತದೆಯೇ? ಇನ್ನೊಂದು ಕೋವಿಯನ್ನೇ ಕೊಟ್ಟರೂ ಕೊಟ್ಟೀತು! ಹೀಗಿತ್ತು ನನ್ನ ಬುದ್ಧಿ.

ಜಗಲಿಯ ಮೇಲೆ ನಿಂತು ಓದಿದೆ. ಪಾಪಮ್ಮಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಮ್ಮೂರು ಇಷ್ಟ್ ಚೆಂದಾಗೈತಾ?” ಅಂತ ಯಾರೋ ಅಂದರು. ತಾತ ಮಾತ್ರ ತಲೆ ಕೆರೆದುಕೊಂಡರು.

“ಆ ಸರದಿ ವಿಷ್ಯ ಬ್ಯಾಡ ಅನ್ಸುತ್ತೆ ಮೇಷ್ಟ್ರಮ್ಮ. ಅದು ನಮ್ನಮ್ಮೊಳ್ಗಿನ ಮಾತು. ಕಚೇರಿಯೋರಿಗೆ ಯಾಕೆ?”

“ತಾತ, ಇದು ಬ್ರಿಟಿಷರ ಕಾಲ ಅಲ್ಲ. ನಮ್ಮ ಸರ್ಕಾರಕ್ಕೆ ನಿಜ ಹೇಳೋಕೆ ಏನು ಭಯ?”

“ಭಯ ಅಲ್ಲ ಕಣಮ್ಮ...” ಅಂದವರು ಅಲ್ಲಿಗೇ ನಿಲ್ಲಿಸಿದರು. ಓದಿದವಳು ನಾನು, ಅವರಿಗೆ ಅಕ್ಷರ ಬಾರದು. ಓದಿದವರಿಗೆ ಗೊತ್ತಿರುತ್ತದೆ ಅಂತ ನಂಬಿ ಮೊದಲ ಹೆಬ್ಬೆಟ್ಟು ಅವರೇ ಒತ್ತಿದರು. ಶಾಲೆಯ ಮಸಿಯಲ್ಲಿ ಇಪ್ಪತ್ತಮೂರು ಹೆಬ್ಬೆಟ್ಟುಗಳನ್ನು ಸಾಲಾಗಿ ಒತ್ತಿಸಿ, ಕೆಳಗೆ ‘ಬರೆದವರು’ ಅಂತ ನನ್ನ ರುಜು ಹಾಕಿದೆ. ರುಜುವಿನ ಅಡಿಗೆ ಒಂದು ಗೆರೆಯನ್ನೂ ಎಳೆದೆ.

ಶ್ರಾವಣವೆಲ್ಲ ಜಿಟಿಜಿಟಿ ಮಳೆ. ಆ ವರ್ಷ ಕಡಲೆಗಿಡ ಮೊಣಕಾಲುದ್ದ ಎದ್ದು ನೆಲ ಕಾಣದ ಹಾಗೆ ಹಬ್ಬಿತ್ತು. ತಾತ ಒಂದು ಗಿಡ ಕಿತ್ತು, ಕಾಯಿಗಳನ್ನು ಬೆರಳಲ್ಲಿ ತಡವಿ, “ಈ ಸಲ ಹುಡುಗ್ರಿಗೆಲ್ಲ ಒಂದೊಂದ್ ಸ್ಲೇಟು ನಂದೇ ಮೇಷ್ಟ್ರಮ್ಮ” ಅಂದರು. ಭಾದ್ರಪದ ಹುಟ್ಟಿತು, ಹಂದಿಗಳ ಹೆಜ್ಜೆ ಬದುವಿನ ಮೇಲೆ ಕಾಣಿಸಿತು. ಅದೇ ವಾರ ಠಾಣೆಯಿಂದ ಕರೆ ಬಂತು. ಅರ್ಜಿ ವಿಚಾರಣೆಯಲ್ಲಿದೆ, ಇತ್ಯರ್ಥವಾಗುವವರೆಗೆ ಕೋವಿಯನ್ನು ತಂದೊಪ್ಪಿಸಬೇಕು.

ತಾತನ ಜೊತೆ ನಾನೂ ಹೋದೆ. ಪಾಪಮ್ಮಜ್ಜಿ ಕೋವಿಗೆ ಕುಂಕುಮವಿಟ್ಟು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದರು. ಠಾಣೆಯಲ್ಲಿ ದಫೇದಾರ ಆ ಬಟ್ಟೆ ಬಿಚ್ಚಿ ಮೂಲೆಗೆಸೆದ, ಕೋವಿಯ ಕುದುರೆಗೆ, ಅಂದರೆ ಬೆರಳಿಟ್ಟು ಎಳೆಯುವ ಕೀಲಿಗೆ, ದಾರ ಕಟ್ಟಿ, ಚೀಟಿ ಸಿಕ್ಕಿಸಿ, ಗಂಟಿನ ಮೇಲೆ ಕೆಂಪು ಅರಗು ಸುರಿದು ಮೊಹರು ಒತ್ತಿದ. ತಾತ ಮೂಗರಳಿಸಿ ವಾಸನೆ ನೋಡಿದರು.

“ಯಾವಾಗ್ ಕೊಡ್ತೀರಾ ಸ್ವಾಮಿ? ಕಾಯಿ ಬಲ್ತೈತೆ.”

“ಮೇಲಿಂದ ಆರ್ಡರ್ ಬರ್ಲಿ ತಾತ. ಕಾಯಿ ಕೇಳ್ಕೊಂಡ್ ಆರ್ಡರ್ ಬರಲ್ಲ.”

ಆರ್ಡರ್ ಬರಲಿಲ್ಲ, ಹಂದಿಗಳು ಬಂದವು. ಊರಿನವರು ತಗಡು ಬಡಿದರು, ತಮಟೆ ಬಾರಿಸಿದರು, ಬದುವಿನ ಮೇಲೆ ಬೆಂಕಿ ಹಾಕಿದರು. ಮೊದಮೊದಲು ಓಡುತ್ತಿದ್ದ ಹಂದಿಗಳು ನಾಲ್ಕನೇ ದಿನಕ್ಕೆ ತಗಡಿನ ಸದ್ದು ಬರೀ ಸದ್ದು ಅಂತ ತಿಳಿದುಕೊಂಡವು. ಬೆಳಿಗ್ಗೆ ಎದ್ದು ನೋಡಿದರೆ ದಿನಕ್ಕೊಂದು ಹೊಲ ಮಗುಚಿ ಬಿದ್ದಿರುತ್ತಿತ್ತು. ಹೆಂಗಸರು ಮೊರ ಹಿಡಿದು, ಹಂದಿ ಬಿಟ್ಟ ಕಾಯಿ ಹೆಕ್ಕುತ್ತಿದ್ದರು. ನನ್ನನ್ನು ಕಂಡರೆ ತಲೆಯೆತ್ತಿ ಒಂದೇ ಪ್ರಶ್ನೆ: “ಕಾಗ್ದ ಏನಾತು ಮೇಷ್ಟ್ರಮ್ಮ?” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದಸರಾ ರಜೆಗೆ ಮುಂಚೆ ಒಂದು ದಿನ ನಾನೇ ತಾಲ್ಲೂಕು ಕಚೇರಿಗೆ ಹೋದೆ. ಪೇಟೆಯ ಕಡೆಯ ಒಬ್ಬ ಯಜಮಾನರು ಜೋಡುನಳಿಗೆಯ ಕೋವಿಯ ಹೊಸ ಲೈಸೆನ್ಸು ಪುಸ್ತಕ ಇಸಿದುಕೊಂಡು, ಗುಮಾಸ್ತನಿಗೆ ಎಲೆಯಡಿಕೆ ಕೊಟ್ಟು ಹೊರಟರು. ಅವರಿಗೆ ಹೊಲವೂ ಇರಲಿಲ್ಲ, ಹಂದಿಯೂ ಇರಲಿಲ್ಲ. ಗುಮಾಸ್ತ ನಮ್ಮ ಫೈಲು ತೆಗೆದು ನನ್ನ ಎರಡು ಪುಟವನ್ನು ನನ್ನೆದುರೇ ಹರವಿದ. ‘ಸರದಿಯ ಪ್ರಕಾರ ಬಳಸಿ’ ಅನ್ನುವ ಕಡೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು.

“ಏನ್ ಮೇಡಂ ಇದು? ಲೈಸೆನ್ಸ್ ಇಲ್ಲದ ಇಪ್ಪತ್ತೆರಡು ಮನೆಯವರ ಕೈಗೆ ಕೋವಿ ಕೊಟ್ಟಿದ್ದೀವಿ ಅಂತ ಬರೆದು, ಹೆಬ್ಬೆಟ್ಟು ಬೇರೆ ಒತ್ತಿಸಿದ್ದೀರಲ್ಲ. ಇದು ಅರ್ಜಿನೋ, ತಪ್ಪೊಪ್ಪಿಗೆನೋ?”

“ಅದು... ಎಲ್ಲಾ ಊರಲ್ಲೂ ಹಾಗೇ ತಾನೇ?”

“ಹಾಗೇ. ನಮಗೇನು ಗೊತ್ತಿರಲಿಲ್ವೇ? ಗೊತ್ತಿದ್ದೂ ಗೊತ್ತಿಲ್ಲದ ಹಂಗೆ ಇದ್ವಿ. ನೀವು ಬರೆದು ಕೊಟ್ಮೇಲೆ ಓದ್ದೆ ಇರಕ್ಕಾಗುತ್ತಾ? ಕಾಯ್ದೆ ಹೊಸದು, ಮೇಲಿನವರಿಗೆ ಏನಾದ್ರೂ ಮಾಡಿ ತೋರಿಸಬೇಕು. ನಿಮ್ಮದೇ ಮೊದಲು ಸಿಕ್ತು.” ಆಮೇಲೆ ದನಿ ತಗ್ಗಿಸಿದ. “ಅಜ್ಜನಿಗೆ ಕಣ್ಣು ಕಾಣಲ್ಲ, ಜೊತೆಗೆ ಮಗನ ಹೆಸರೂ ಸೇರಿಸಿಕೊಡಿ ಅಂತ ಒಂದು ಸಾಲು ಬರೆದಿದ್ರೆ ಆಗೋಗ್ತಿತ್ತಮ್ಮ. ಅದಕ್ಕೆ ಈ ಹೊಸ ನಿಯಮದಲ್ಲೇ ಅವಕಾಶ ಇದೆ.”

ಒಂದು ಸಾಲು! ನಾನು ಎರಡು ಪುಟ ಬರೆದಿದ್ದೆ. ಬಸ್ಸಿನಲ್ಲಿ ಕೂತು ನನ್ನ ಬಲಗೈಯನ್ನು ನೋಡಿಕೊಂಡೆ, ಒಲೆಗೆ ಇಟ್ಟುಬಿಡೋಣ ಅನ್ನಿಸಿತು. ಆ ಗುಮಾಸ್ತ ಹೇಳಿದ್ದನ್ನು ತಾತನಿಗೆ ಹೇಳುವ ಧೈರ್ಯ ಬರಲಿಲ್ಲ. ‘ನೋಡ್ತಾ ಇದ್ದಾರಂತೆ’ ಅಂದೆ. ಅವರು ‘ನೋಡ್ಲಿ ಬಿಡಿ’ ಅಂದರು.

ಕಾರ್ತಿಕದಲ್ಲಿ ಕೀಳುವುದಕ್ಕೆ ಕಾಯೇ ಉಳಿದಿರಲಿಲ್ಲ. ಆ ತಿಂಗಳೇ ಲೈಸೆನ್ಸು ರದ್ದಾಯಿತು, ಕೋವಿ ಸರ್ಕಾರದ ಪಾಲಾಯಿತು, ತಾತನ ಮೇಲೆ ಕೇಸು ಬಿತ್ತು. ಆ ಕೇಸಿಗೆ ಸಾಕ್ಷಿ ಅಂತ ಇದ್ದದ್ದು ನನ್ನ ಅರ್ಜಿಯೊಂದೇ. ಬೇರೆಯವರ ಕೈಯಲ್ಲಿ ಕೋವಿ ಇದ್ದದ್ದನ್ನು ಯಾವ ಪೊಲೀಸಿನವನೂ ಕಂಡಿರಲಿಲ್ಲ. ಸಾಕ್ಷಿ ಹೇಳುವುದಕ್ಕೆ ಸರ್ಕಾರದ ಕಡೆಯಿಂದ ನನ್ನ ಹೆಸರಿಗೇ ಸಮನ್ಸು ಬಂತು.

ತಾತನ ವಕೀಲರು ವಿಚಾರಣೆಯ ಹಿಂದಿನ ದಿನ ನನ್ನನ್ನು ಕರೆಸಿಕೊಂಡರು. “ನೋಡಮ್ಮ, ಸಿಕ್ಕಲು ಬಿಡಿಸೋಕೆ ಒಂದೇ ದಾರಿ. ಸರದಿಯ ಮಾತು ಅವರು ಹೇಳಿದ್ದಲ್ಲ, ಅಲಂಕಾರಕ್ಕೆ ನಾನೇ ಸೇರಿಸಿದೆ, ಬೇಡ ಅಂದರೂ ಕೇಳಲಿಲ್ಲ ಅಂತ ನೀವು ಹೇಳಿ. ಉಳಿದದ್ದು ನಾನು ನೋಡ್ಕೋತೀನಿ.” ಸುಳ್ಳು ಹೇಳಿ ಅಂತ ಅವರು ಕೇಳಲಿಲ್ಲ. ನಡೆದದ್ದನ್ನೇ ಹೇಳಿ ಅಂದರು. ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದೆ.

ವಿಚಾರಣೆಗೆಂದು ಅಪ್ಪನ ಮನೆಯಲ್ಲಿ ಉಳಿದುಕೊಂಡಿದ್ದೆ, ಅದೇ ಸಂಜೆ ನಮ್ಮ ಶಾಲಾ ಇನ್ಸ್‌ಪೆಕ್ಟರು ಮನೆಗೇ ಬಂದರು. ಅಪ್ಪನ ಎದುರಿನಲ್ಲೇ ಕೂತು ಹೇಳಿದರು: “ಸರ್ಕಾರಿ ನೌಕರಳಾಗಿ ಊರಿನವರಿಗೆ ಅರ್ಜಿ ಬರೆದುಕೊಟ್ಟದ್ದೇ ತಪ್ಪು. ಅವರು ಹೇಳಿದ್ದನ್ನು ಬರೆದೆ ಅಂದರೆ ಏನೋ ಬರವಣಿಗೆ ಸಹಾಯ ಅಂತ ಬಿಡಬಹುದು. ಇಲ್ಲದ್ದನ್ನು ನಾನೇ ಸೇರಿಸಿದೆ ಅಂದರೆ, ನಿಮ್ಮದು ಇನ್ನೂ ಖಾಯಂ ಆಗಿಲ್ಲ, ನನ್ನ ಕೈಯಲ್ಲೂ ಏನಿಲ್ಲ.” ಅವರು ಹೋದ ಮೇಲೆ ಅಪ್ಪ ಖಾಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತರು.

ಕೋರ್ಟಿನಲ್ಲಿ ಬಂಡೆಪಾಳ್ಯದವರು ಹದಿನೈದು ಇಪ್ಪತ್ತು ಜನ ಬಂದಿದ್ದರು, ಗೋಡೆಗೊರಗಿ ನಿಂತಿದ್ದರು. ತಾತ ಒಗೆದ ಪಂಚೆ ಉಟ್ಟು ಕಟಕಟೆಯಲ್ಲಿದ್ದರು. ಹಿಂದಿನ ಬೆಂಚಿನಲ್ಲಿ ನಮ್ಮ ಶಾಲಾ ಇನ್ಸ್‌ಪೆಕ್ಟರು ಕೂತಿದ್ದರು. ಸರ್ಕಾರಿ ವಕೀಲರು ಎರಡು ಪುಟವನ್ನು ನನ್ನ ಮುಂದೆ ಹಿಡಿದರು.

“ಈ ಅಕ್ಷರ ನಿಮ್ಮದೇ?”

“ಹೌದು.”

“ಸರದಿಯ ವಿಷಯ ನೀವಾಗಿ ಬರೆದಿರೋ, ಆಪಾದಿತರು ಹೇಳಿ ಬರೆಸಿದರೋ?”

ತಾತ ನನ್ನ ಕಡೆಗೆ ಮುಖ ತಿರುಗಿಸಿದ್ದರು. ಆ ಪೊರೆಗಣ್ಣಿಗೆ ನಾನು ಎಷ್ಟು ಕಾಣುತ್ತಿದ್ದೆನೋ. ಆ ಕ್ಷಣದಲ್ಲಿ ನನಗೆ ಕಂಡದ್ದು ಅಪ್ಪ ಕೂತಿದ್ದ ಆ ಗುಂಡಿ. ನೆಪ ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ನಾಲಿಗೆ ನನ್ನದೇ, ಆಡಿಸಿದ್ದೂ ನಾನೇ.

“ಅವರೇ ಹೇಳಿ ಬರೆಸಿದರು” ಅಂದೆ.

ತಾತನ ವಕೀಲರು ಕೈಯಲ್ಲಿದ್ದ ಕಾಗದ ಮೇಜಿನ ಮೇಲೆ ಹಾಕಿಬಿಟ್ಟರು. ಗೋಡೆಯ ಕಡೆ ನೋಡುವುದಕ್ಕೆ ನನ್ನಿಂದ ಆಗಲಿಲ್ಲ. ಮ್ಯಾಜಿಸ್ಟ್ರೇಟರು ತಾತನನ್ನು ಕೇಳಿದರು: “ಏನಪ್ಪಾ, ಆಕೆ ಹೇಳೋದು ನಿಜವೇ?”

ಅಲ್ಲ ಅನ್ನಬಹುದಿತ್ತು. ಅಲ್ಲ ಅನ್ನಲಿ ಅಂತ ನಾನೇ ಒಳಗೊಳಗೆ ಹರಕೆ ಹೊತ್ತೆ. ಜಗಲಿಯಲ್ಲಿ ಅವರು ಬೇಡ ಅಂದದ್ದನ್ನು ಕೇಳಿದವರು ಇಪ್ಪತ್ತೆರಡು ಮನೆಯವರಿದ್ದರು, ಒಬ್ಬೊಬ್ಬರೂ ಬಂದು ಸಾಕ್ಷಿ ಹೇಳುತ್ತಿದ್ದರು. ತಾತ ಎರಡೂ ಕೈ ಮುಗಿದರು.

“ದಿಟ ಸ್ವಾಮಿ. ಆಯಮ್ಮ ಬ್ಯಾಡ ಬ್ಯಾಡ ಅಂದ್ರು. ನಾನೇ ಬಲವಂತ ಮಾಡಿ ಬರೆಸ್ದೆ.”

ಒಂದು ತಿಂಗಳು ಸಜೆಯಾಯಿತು. ಅವರು ಬಿಡುಗಡೆಯಾಗಿ ಬರುವುದರೊಳಗೆ ನಾನು ಕೈಕಾಲು ಹಿಡಿದು ಬೇರೆ ಊರಿಗೆ ವರ್ಗ ಮಾಡಿಸಿಕೊಂಡೆ. ಮುಂದಿನ ವರ್ಷ ನನ್ನ ಕೆಲಸ ಖಾಯಂ ಆಯಿತು. ಬಂಡೆಪಾಳ್ಯದವರು ಆಮೇಲೆ ಕಡಲೆಕಾಯಿ ಬಿತ್ತುವುದನ್ನೇ ಬಿಟ್ಟು ಹಿಪ್ಪುನೇರಳೆ ಹಾಕಿದರು ಅಂತ ಯಾರೋ ಹೇಳಿದರು. ತಾತ ತೀರಿಕೊಂಡ ಸುದ್ದಿಯನ್ನೂ ಯಾರೋ ಹೇಳಿದರು. ನಾನು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಅಂದು ಕೋರ್ಟಿನಲ್ಲಿ ತೀರ್ಪಾದ ಮೇಲೆ ತಾತನನ್ನು ಹೊರಗೆ ಕರೆತಂದಾಗ ನಾನು ಪಡಸಾಲೆಯ ಕಂಬದ ಮರೆಗೆ ಸರಿದೆ. ಕಣ್ಣು ಕಾಣದ ಮನುಷ್ಯ ಹೇಗೆ ಗುರುತು ಹಿಡಿದರೋ, ಪೊಲೀಸಿನವನಿಗೆ “ಒಂದ್ ಗಳಿಗೆ ಇರಪ್ಪ” ಅಂತ ಹೇಳಿ, ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಉಗಿಯುತ್ತಾರೆ ಅಂದುಕೊಂಡೆ. ಉಗಿಯಲಿ ಅಂತ ನಿಂತೆ. ಅವರು ದನಿ ತಗ್ಗಿಸಿ, ಬೇಡಿಕೊಳ್ಳುವವರ ಹಾಗೆ ಹೇಳಿದರು:

“ಮೇಷ್ಟ್ರಮ್ಮ, ಇಲ್ಲಾದದ್ದನ್ನ ಇಸ್ಕೂಲಲ್ಲಿ ಹುಡುಗ್ರ ಮುಂದೆ ಮಾತ್ರ ಹೇಳ್ಬ್ಯಾಡಿ. ಬರೆದದ್ದುಕ್ಕೇ ಹಿಂಗಾತು ಅಂತ ಗೊತ್ತಾದ್ರೆ, ಮುಂಡೇವು ಬರೆಯೋದ್ ಕಲಿಯಾದೇ ಬಿಟ್ಬಿಟ್ಟಾವು.”